ಹೋಮ್ ಸಾಕಾ, ಪ್ರೊ ಬೇಕಾ?

ಶಿರಸಿಯ ಓದುಗರೊಬ್ಬರ ಪತ್ರ: "ಮಗಳು ಹುಬ್ಬಳ್ಳಿಯಲ್ಲಿ ಬಿ.ಕಾಂ. ಸೇರಿದ್ದಾಳೆ. ಲ್ಯಾಪ್‌ಟಾಪ್ ಕೊಡಿಸಬೇಕು. ವಿಂಡೋಸ್ ಹೋಮ್ ಇರುವುದಕ್ಕೆ ಅಂಗಡಿಯವರು ಒಂದು ರೇಟು ಹೇಳುತ್ತಾರೆ, ಪ್ರೊ ಇರುವುದಕ್ಕೆ ಎಂಟು ಸಾವಿರ ಜಾಸ್ತಿ. ಪ್ರೊ ಕೀ ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುತ್ತದೆ ಎಂದು ಭಾವನ ಮಗ ಹೇಳಿದ. ಆಪಲ್‌ನವರದ್ದು ಒಂದೇ ಆವೃತ್ತಿ, ಅದೂ ಪುಕ್ಕಟೆಯಂತೆ. ನೀವು ಲಿನಕ್ಸ್ ಬಗ್ಗೆ ಆಗಾಗ ಬರೆಯುತ್ತೀರಿ. ಆದರೆ ಪುಕ್ಕಟೆ ಕೊಡುವ ಸಾಮಾನಿನಲ್ಲಿ ಏನೋ ಊನ ಇರಲೇಬೇಕು, ಅಲ್ವಾ? ನನ್ನ ಜೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ ಎಂದಿದ್ದಾರೆ. ಒಂದೇ ಸಾಮಾನನ್ನು ಇಷ್ಟೊಂದು ರೇಟಿನಲ್ಲಿ ಯಾಕೆ ಮಾರುತ್ತಾರೆ? ನಾವು ಯಾವುದು ತಗೊಳ್ಳಬೇಕು?"

ಮಾನ್ಯರೇ,

ಮೊದಲು ಕೆಲಸದ ಮಾತು. ಮಗಳಿಗೆ ಹೋಮ್ ಸಾಕು. ಆ ಎಂಟು ಸಾವಿರ ನಿಮ್ಮ ಜೇಬಿನಲ್ಲೇ ಇರಲಿ. ಪ್ರೊದಲ್ಲಿ ಜಾಸ್ತಿ ಸಿಗುವುದು ಮುಖ್ಯವಾಗಿ ಇಷ್ಟು: ಡಿಸ್ಕಿಗೆ ನಮಗೆ ಬೇಕಾದ ಹಾಗೆ ಬೀಗ ಹಾಕುವ ಬಿಟ್‌ಲಾಕರ್, ಬೇರೆ ಊರಿನಲ್ಲಿ ಕೂತು ಈ ಕಂಪ್ಯೂಟರನ್ನು ನಡೆಸುವ ರಿಮೋಟ್ ಡೆಸ್ಕ್‌ಟಾಪ್, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಹೈಪರ್-ವಿ, ದೊಡ್ಡ ಆಫೀಸಿನ ಎಲ್ಲ ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಸೌಲಭ್ಯ. ಬಿ.ಕಾಂ. ಓದುವ ಹುಡುಗಿಗೆ ಇದರಲ್ಲಿ ಯಾವುದೂ ಬೇಕಾಗುವುದಿಲ್ಲ. ಐನೂರು ರೂಪಾಯಿಯ ಕೀ ಸಹವಾಸ ಮಾತ್ರ ಬೇಡ. ಅಂಥವು ಬಹುಪಾಲು ಯಾವುದೋ ಕಂಪನಿಯೋ ಕಾಲೇಜೋ ಸಗಟಾಗಿ ತೆಗೆದುಕೊಂಡ ಪರವಾನಗಿಯಿಂದ ಸೋರಿ ಬಂದವು. ಇವತ್ತು ನಡೆಯುತ್ತದೆ, ನಾಳೆ ನಿಂತು ಹೋಗಬಹುದು. ಆಗ ಯಾರನ್ನು ಕೇಳುತ್ತೀರಿ?

ಇನ್ನು ನೀವು ಕೊನೆಗೆ ಕೇಳಿದ ಪ್ರಶ್ನೆ. ಒಂದೇ ಸಾಮಾನು, ಹಲವು ರೇಟು, ಯಾಕೆ? ಇದನ್ನು ಯಾರಾದರೂ ಕೇಳಲಿ ಎಂದು ನಾನು ಬಹಳ ದಿನದಿಂದ ಕಾಯುತ್ತಿದ್ದೆ.

ಹೋಮ್ ಇರುವ ಯಂತ್ರವನ್ನು ಪ್ರೊ ಮಾಡುವುದು ಹೇಗೆ ಅಂತ ಒಮ್ಮೆ ಹತ್ತಿರದಿಂದ ನೋಡಿ. ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಟಿವೇಶನ್ ತೆರೆದು, ಇಪ್ಪತ್ತೈದು ಅಕ್ಷರದ ಕೀ ಒತ್ತುತ್ತೀರಿ. ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಗುತ್ತದೆ. ಅಷ್ಟೇ, ಪ್ರೊ ಬಂತು. ಹೊಸ ಡಿಸ್ಕ್ ಹಾಕಬೇಕಿಲ್ಲ, ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ನೀವು ಕೊಟ್ಟ ದುಡ್ಡು ಬೀಗ ತೆಗೆಸಿತು, ಹೊಸದಾಗಿ ಏನನ್ನೂ ತರಲಿಲ್ಲ. ಅಮೆರಿಕದಲ್ಲಿ ಹೋಮ್‌ಗೆ 139 ಡಾಲರ್, ಪ್ರೊಗೆ 199.99 ಡಾಲರ್. ಮೊದಲು ಹೋಮ್ ತಗೊಂಡು ಆಮೇಲೆ ಪ್ರೊಗೆ ಏರಿದರೆ 99 ಡಾಲರ್.

ಇದೇನು ಹೊಸ ಪದ್ಧತಿಯಲ್ಲ. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅದಕ್ಕೆ ಆರು ಆವೃತ್ತಿ: ಸ್ಟಾರ್ಟರ್, ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ, ಬಿಸಿನೆಸ್, ಎಂಟರ್‌ಪ್ರೈಸ್, ಅಲ್ಟಿಮೇಟ್. ಅಮೆರಿಕದ ಅಂಗಡಿಯಲ್ಲಿ ಹೋಮ್ ಬೇಸಿಕ್ 199 ಡಾಲರ್, ಪ್ರೀಮಿಯಂ 239, ಬಿಸಿನೆಸ್ 299, ಅಲ್ಟಿಮೇಟ್ 399. ಆದರೆ ಬೇಸಿಕ್ ಕೊಂಡವರ ಡಿವಿಡಿಯಲ್ಲೇ ಅಲ್ಟಿಮೇಟ್ ಕೂಡ ಇರುತ್ತಿತ್ತು. ಯಾವುದು ತೆರೆಯಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಡಬ್ಬಿಯ ಜೊತೆ ಬಂದ ಕೀ. ಇನ್ನೂ ಹಿಂದೆ, 1996ರಲ್ಲಿ, ವಿಂಡೋಸ್ ಎನ್‌ಟಿ 4.0ರ ವರ್ಕ್‌ಸ್ಟೇಷನ್‌ಗೂ (ಒಬ್ಬರ ಮೇಜಿನ ಯಂತ್ರಕ್ಕೆ) ಸರ್ವರ್‌ಗೂ (ಹಲವು ಯಂತ್ರಗಳಿಗೆ ಸೇವೆ ಕೊಡುವ ಯಂತ್ರಕ್ಕೆ) ನೂರಾರು ಡಾಲರ್ ಅಂತರ ಇತ್ತು. ಆಂಡ್ರ್ಯೂ ಶುಲ್ಮನ್, ಮಾರ್ಕ್ ರಸಿನೋವಿಚ್ ಅಂಥ ತಜ್ಞರು ಒಳಗೆ ಕೈಹಾಕಿ ನೋಡಿದರು. ಎರಡರ ತಿರುಳೂ ಒಂದೇ. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಜಾಗದಲ್ಲಿ, ಬರೆದ ಒಂದೆರಡು ಸಾಲು ನೋಡಿಕೊಂಡು ಅದು ತಾನು ಸರ್ವರ್ರೋ ವರ್ಕ್‌ಸ್ಟೇಷನ್ನೋ ಎಂದು ನಿರ್ಧರಿಸುತ್ತಿತ್ತು.

ಇದರ ಹಿಂದಿನ ಲೆಕ್ಕಾಚಾರ ಕಂಪ್ಯೂಟರಿಗಿಂತಲೂ ಹಳೆಯದು. ಜೂಲ್ ದ್ಯುಪ್ಯುಯಿ ಎಂಬ ಫ್ರೆಂಚ್ ಎಂಜಿನಿಯರ್ 1849ರಲ್ಲೇ ರೈಲಿನ ಮೂರನೇ ದರ್ಜೆಯ ಬಗ್ಗೆ ಬರೆದಿದ್ದಾನೆ. ಆಗ ಅಲ್ಲಿ ಮೂರನೇ ದರ್ಜೆಯ ಡಬ್ಬಿಗಳಿಗೆ ಮಾಡು ಇರುತ್ತಿರಲಿಲ್ಲ, ಕೂರಲು ಬರೀ ಹಲಗೆ. ಮಾಡು ಹಾಕಿಸಲು ಕಂಪನಿಗೆ ದೊಡ್ಡ ಖರ್ಚೇನೂ ಇರಲಿಲ್ಲ. ಆದರೆ ಹಾಕಿಸಿದರೆ, ಎರಡನೇ ದರ್ಜೆಯ ಟಿಕೆಟ್ ಕೊಳ್ಳುವ ಶಕ್ತಿ ಇದ್ದವರೂ ಮೂರನೆಯದಕ್ಕೆ ಬಂದುಬಿಡುತ್ತಾರಲ್ಲ! ಅವರನ್ನು ಹೆದರಿಸಲು ಬಡವರನ್ನು ಮಳೆಯಲ್ಲಿ ನೆನೆಸಿದರು ಎಂಬುದು ದ್ಯುಪ್ಯುಯಿಯ ವಾದ. ಬಡವರಿಗೆ ನೋವು ಕೊಡಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ, ಆದರೂ ನೆನೆದವರು ಅವರೇ. ಸಾಫ್ಟ್‌ವೇರಿನಲ್ಲಿ ಇದು ಇನ್ನೂ ಹೆಚ್ಚು ಚುಚ್ಚುತ್ತದೆ. ರೈಲಿನ ಮಾಡಿಗೆ ಸ್ವಲ್ಪವಾದರೂ ತಗಡು ಬೇಕು. ಇಲ್ಲಿ ಎಲ್ಲರಿಗೂ ಪೂರ್ತಿ ಕೊಡಲು ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ಕಡಿಮೆಯದನ್ನು ತಯಾರಿಸಲೇ ಬೇರೆ ಕೂತು ಕೆಲಸ ಮಾಡಬೇಕು.

ಹಾಗೆ ಕೂತು ಮಾಡಿದ ಒಂದು ಕೆಲಸ ನಮಗೆಂದೇ ಬಂದಿತ್ತು. ವಿಂಡೋಸ್ ಎಕ್ಸ್‌ಪಿ ಸ್ಟಾರ್ಟರ್. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಶುರುವಾಗಿ 2005ರಲ್ಲಿ ಹಿಂದಿಯಲ್ಲಿ ಭಾರತಕ್ಕೂ ಬಂತು. ಅದರಲ್ಲಿ ಒಂದು ಸಲಕ್ಕೆ ಮೂರೇ ಪ್ರೋಗ್ರಾಂ ತೆರೆಯಬಹುದಿತ್ತು. ನಾಲ್ಕನೆಯದನ್ನು ಒತ್ತಿದರೆ ಮೊದಲು ಒಂದನ್ನು ಮುಚ್ಚಿ ಎನ್ನುತ್ತಿತ್ತು. ಮನೆಮಂದಿಗೆ ಬೇರೆ ಬೇರೆ ಖಾತೆ ಮಾಡಿಕೊಳ್ಳಲೂ ಆಗುತ್ತಿರಲಿಲ್ಲ. ಅಪ್ಪ, ಅಮ್ಮ, ಮಕ್ಕಳು, ಪಕ್ಕದ ಮನೆಯ ಹುಡುಗ ಎಲ್ಲರೂ ಒಂದೇ ಕಂಪ್ಯೂಟರ್ ಬಳಸುತ್ತಿದ್ದ ಕಾಲ ಅದು. ಬೇರೆ ಬೇರೆ ಖಾತೆ ಎಲ್ಲರಿಗಿಂತ ಜಾಸ್ತಿ ಬೇಕಿದ್ದದ್ದು ನಮಗೇ! ಮುಂದೆ ವಿಂಡೋಸ್ 7ರ ಸ್ಟಾರ್ಟರ್‌ನಲ್ಲಿ ಮೂರರ ಮಿತಿ ತೆಗೆದರು, ಆದರೆ ಪರದೆಯ ಹಿಂದಿನ ಚಿತ್ರ ಬದಲಿಸುವುದನ್ನು ನಿಲ್ಲಿಸಿದರು. ಮಗುವಿನ ಫೋಟೊವನ್ನೋ ದೇವರ ಪಟವನ್ನೋ ಹಾಕಿಕೊಳ್ಳುವ ಹಾಗಿಲ್ಲ. ಇದರಿಂದ ಕಂಪನಿಗೆ ಉಳಿದದ್ದು ಏನು ಎಂದು ನಾನು ಕೇಳದ ಎಂಜಿನಿಯರಿಲ್ಲ. ಯಾರ ಬಳಿಯೂ ಉತ್ತರವಿಲ್ಲ.

ಈಗಲೂ ಅದರ ಮರಿ ನಮ್ಮ ನಡುವೆ ಇದೆ. ಮಗಳ ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಎಂದಿರಬಹುದು, ನೋಡಿ. ಭಾರತದಂಥ ಮಾರುಕಟ್ಟೆಗಳಲ್ಲಿ ಲ್ಯಾಪ್‌ಟಾಪಿನ ಜೊತೆ ಬರುವ ಆವೃತ್ತಿ ಅದು. ಟೈಪ್ ಮಾಡಲು ಕನ್ನಡ, ತುಳು, ಕೊಂಕಣಿ ಏನು ಬೇಕಾದರೂ ಮಾಡಿಕೊಳ್ಳಬಹುದು, ಹೆದರಬೇಡಿ. ಆದರೆ ಮೆನು, ಸೂಚನೆಗಳ ಭಾಷೆಗೆ ಪರವಾನಗಿ ಒಂದೇ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಕಾಲೇಜಿನಲ್ಲಿ ಒಂದು ಭಾಷೆ ಆಡುವ ಜನಕ್ಕೆ ಒಂದೇ ಭಾಷೆ ಸಾಕು ಎಂದು ಕೊಟ್ಟಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ದುಡ್ಡಿನ ಮಾತು ಆಮೇಲೆ.

ಆಪಲ್ ವಿಷಯಕ್ಕೆ ಬರೋಣ. ನೀವು ಕೇಳಿದ್ದು ನಿಜ. ವಿಸ್ಟಾ ಬಂದ ವರ್ಷವೇ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಮ್ಯಾಕ್ ಸಾಫ್ಟ್‌ವೇರಿನ ತಮ್ಮ ಲೆಪರ್ಡ್ ಆವೃತ್ತಿಯ ದರಪಟ್ಟಿ ಓದಿದರು. ಬೇಸಿಕ್ 129 ಡಾಲರ್, ಪ್ರೀಮಿಯಂ 129, ಬಿಸಿನೆಸ್ 129, ಅಲ್ಟಿಮೇಟ್ 129. ಇರುವುದೇ ಒಂದು ಎಂದು ಹೇಳುವ ರೀತಿ ಅದು. ಸಭೆ ಚಪ್ಪಾಳೆ ತಟ್ಟಿತು, ನನಗೂ ಖುಷಿಯಾಗಿತ್ತು. 2009ರಲ್ಲಿ ಸ್ನೋ ಲೆಪರ್ಡ್ 29 ಡಾಲರಿಗೆ ಇಳಿಯಿತು. 2013ರ ಅಕ್ಟೋಬರಿನಲ್ಲಿ ಮ್ಯಾವರಿಕ್ಸ್ ಪುಕ್ಕಟೆಯಾಯಿತು. ಅಲ್ಲಿಂದ ಇಲ್ಲಿಯವರೆಗೆ ಮ್ಯಾಕ್‌ನ ಸಾಫ್ಟ್‌ವೇರಿಗೆ ದುಡ್ಡಿಲ್ಲ. ಅದೇ ಲೆಪರ್ಡ್‌ನ ಸರ್ವರ್ ಆವೃತ್ತಿ ಹತ್ತು ಜನರಿಗೆ 499, ಮಿತಿ ಇಲ್ಲದೆ ಬೇಕಾದರೆ 999 ಡಾಲರ್ ಇತ್ತು ಎಂಬುದನ್ನೂ ಮರೆಯುವ ಹಾಗಿಲ್ಲ. ಅದೂ ಈಗ ಇತಿಹಾಸ.

ಹಾಗಾದರೆ ಆಪಲ್ ದುಡ್ಡು ಎಲ್ಲಿ ತೆಗೆಯುತ್ತದೆ? ಪೆಟ್ಟಿಗೆಯಲ್ಲಿ. ಆ ಪುಕ್ಕಟೆ ಸಾಫ್ಟ್‌ವೇರನ್ನು ಆಪಲ್ ಯಂತ್ರ ಬಿಟ್ಟು ಬೇರೆಲ್ಲೂ ಹಾಕಲು ಪರವಾನಗಿ ಒಪ್ಪುವುದಿಲ್ಲ. ಇನ್ನು 256 ಜಿಬಿ ಜಾಗವನ್ನು 512 ಮಾಡಿಸಲು ನಮ್ಮಲ್ಲಿ ಇಪ್ಪತ್ತು ಸಾವಿರ ರೂಪಾಯಿ ತಗೊಂಡಿದ್ದಾರೆ. ಮ್ಯಾಕ್‌ಬುಕ್ ಕೊಂಡು ಆರು ತಿಂಗಳಾದ ಮೇಲೆ ಮೆಮೊರಿ ಸಾಲದು ಎನಿಸಿದರೆ ಸೇರಿಸಲು ಬರುವುದಿಲ್ಲ, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆವೃತ್ತಿಗಳ ಜಗಳ ಇಲ್ಲ ಎಂಬುದು ಒಳ್ಳೆಯದೇ. ಒಳ್ಳೆಯ ಯಂತ್ರ ಎಂಬುದರಲ್ಲೂ ಎರಡು ಮಾತಿಲ್ಲ. ಬಿ.ಕಾಂ. ಓದಲು ಬೇಡ, ಅಷ್ಟೇ.

ಈಗ "ಪುಕ್ಕಟೆ ಕೊಡುವುದರಲ್ಲಿ ಊನ ಇರಲೇಬೇಕು" ಎಂಬ ನಿಮ್ಮ ಮಾತು. ಬೇಜಾರು ಮಾಡಿಕೊಳ್ಳಬೇಡಿ, ಪತ್ರದಲ್ಲಿ ನೀವು ಎಡವಿದ್ದು ಇದೊಂದೇ ಕಡೆ. ಬೆಲೆ ಇದ್ದರೆ ಬೆಲೆಬಾಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಕೂತಿದೆ ಎಂದರೆ, ಕಣ್ಣೆದುರಿನ ಊನ ಕಾಣುವುದಿಲ್ಲ, ಇಲ್ಲದ ಊನ ಕಾಣುತ್ತದೆ. ದುಡ್ಡು ಕೊಟ್ಟು ತಗೊಳ್ಳುವ ಹೋಮ್‌ನಲ್ಲಿ ಬೇಕೆಂದೇ ಕಿತ್ತಿಟ್ಟ ಭಾಗಗಳಿವೆ. ವಿಂಡೋಸ್‌ನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಲಿನಕ್ಸ್‌ನ ಒಂದು ರೂಪ ಉಬುಂಟು. ಅದರಲ್ಲಿ ಏನು ಕಿತ್ತಿಟ್ಟಿದ್ದಾರೆ, ಹೇಳಿ? ಪೂರ್ತಿ ಡಿಸ್ಕಿಗೆ ಬೀಗ ಹಾಕುವುದು ಇನ್‌ಸ್ಟಾಲ್ ಮಾಡುವಾಗಲೇ ಕೇಳುತ್ತದೆ. ದೂರದಿಂದ ನಡೆಸುವುದು ಇದೆ. ಸರ್ವರ್ ಬೇಕಾದರೆ ಅದೇ ಮನೆಯದು, ಅದೇ ಬೆಲೆ, ಅಂದರೆ ಸೊನ್ನೆ. ಮೆನುಗಳನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಲು ಯಾರ ಪರವಾನಗಿಯೂ ಬೇಡ. ಆ ಕನ್ನಡವನ್ನು ಸಾಲು ಸಾಲಾಗಿ ಕೂತು ಬರೆದವರಲ್ಲಿ ನಮ್ಮ ಹುಡುಗ ಹುಡುಗಿಯರೇ ಎಷ್ಟೋ ಜನ ಇದ್ದಾರೆ, ಸಂಬಳವಿಲ್ಲದೆ. ಅನುವಾದ ಅಲ್ಲಲ್ಲಿ ಅರ್ಧಕ್ಕೆ ನಿಂತಿದೆ. ಕೈಜೋಡಿಸಿದರೆ ಮುಗಿಯುತ್ತದೆ.

ಉಬುಂಟುವಿನವರು ಮೊದಲು ಸಿಡಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಕೇಳಿದವರಿಗೆಲ್ಲ, ಅಂಚೆ ವೆಚ್ಚವೂ ಇಲ್ಲದೆ. 2011ರವರೆಗೆ ಅದು ನಡೆಯಿತು. ಇಂಟರ್ನೆಟ್ ನಿಧಾನವಿದ್ದ ಆ ಕಾಲದಲ್ಲಿ ಒಂದು ಸಿಡಿಯನ್ನು ಡೌನ್‌ಲೋಡ್ ಮಾಡಲು ನಮ್ಮಂಥ ಊರುಗಳಲ್ಲಿ ಸಾಧ್ಯವೇ ಇರಲಿಲ್ಲ. ನಮ್ಮ ಕಚೇರಿಗೆ ಬಂದ ಲಕೋಟೆಯನ್ನು ಅಂಚೆಯಣ್ಣ ಅನುಮಾನದಿಂದಲೇ ಕೊಟ್ಟಿದ್ದ. ವಿದೇಶದಿಂದ ಬಂದದ್ದಕ್ಕೆ ಸುಂಕ ಎಷ್ಟು ಎಂದು ಅವನ ಪ್ರಶ್ನೆ. ಒಳಗಿದ್ದ ಸಿಡಿಗಳ ಮೇಲೆ ಬೇಸಿಕ್ ಎಂದೂ ಇರಲಿಲ್ಲ, ಅಲ್ಟಿಮೇಟ್ ಎಂದೂ ಇರಲಿಲ್ಲ. ಕಾಪಿ ಮಾಡಿ ಹಂಚಿ ಎಂದಿತ್ತು. ಹಂಚಿದೆವು.

ಇವರೂ ದುಡ್ಡು ಮಾಡುತ್ತಾರೆ, ಮಾಡಬಾರದು ಎಂದು ನಾನೂ ಹೇಳುವುದಿಲ್ಲ. ಉಬುಂಟು ಪ್ರೊ ಎಂಬುದೊಂದಿದೆ. ಅದರಲ್ಲಿ ಮಾರುವುದು ಹೆಚ್ಚು ವರ್ಷದ ಭದ್ರತಾ ಅಪ್‌ಡೇಟು, ಕರೆದಾಗ ಬರುವ ನೆರವು. ಮನೆಯವರಿಗೆ ಐದು ಯಂತ್ರದವರೆಗೆ ಅದೂ ಪುಕ್ಕಟೆ. ದುಡಿಮೆಗೆ ಕೂಲಿ ಕೇಳುವುದು ಬೇರೆ, ಆಗಲೇ ಕೈಗೆ ಕೊಟ್ಟದ್ದಕ್ಕೆ ಬೀಗ ಹಾಕಿ ಬಾಡಿಗೆ ಕೇಳುವುದು ಬೇರೆ.

ವಿಂಡೋಸ್ ಪರವಾಗಿ ಹೇಳಬೇಕಾದ್ದೂ ಇದೆ. ನಮ್ಮ ಬೆಂಗಳೂರಿನದ್ದೇ ಆದ, ಲೆಕ್ಕಪತ್ರ ಬರೆಯುವ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಬಿ.ಕಾಂ. ಹುಡುಗಿಗೆ ಅದು ಬೇಕೇ ಬೇಕು, ಆದ್ದರಿಂದಲೇ ಹೋಮ್ ತಗೊಳ್ಳಿ ಎಂದೆ. ನಿಮ್ಮ ಅಂಗಡಿಯಲ್ಲಿ ಹಳೇ ನುಡಿ, ಬರಹ ಫಾಂಟಿನ ಕಡತಗಳು ರಾಶಿ ಇರುತ್ತವೆ. ಮದುವೆ ಕಾಗದಕ್ಕೆ ಪೇಜ್‌ಮೇಕರ್ ಬಿಟ್ಟು ಬೇರೆ ಗೊತ್ತಿಲ್ಲದ ಕೈಗಳಿರುತ್ತವೆ. ಅವರಿಗೆ ವಿಂಡೋಸ್ ಬಿಡಿ ಎನ್ನುವುದು ಸುಲಭವಲ್ಲ.

ಆದರೆ ಆ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಅವರ ಪಟ್ಟಿಯಲ್ಲಿರುವ ಪ್ರೊಸೆಸರು ಎರಡೂ ಬೇಕು. ಕೆಲಸ ಮಾಡುವ ಸ್ಥಿತಿಯಲ್ಲೇ ಇರುವ ಎಷ್ಟು ಯಂತ್ರಗಳು ಇದರಿಂದ ಮೂಲೆ ಸೇರಿವೆ! ನಿಮ್ಮದರಲ್ಲಿ 4 ಜಿಬಿ ಮೆಮೊರಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ ಆರಾಮಾಗಿ ಓಡುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆಯೇ ಒಂದು ದಿನ ನಡೆಸಿ ನೋಡಿ. ಪ್ರಿಂಟರ್, ಸ್ಕ್ಯಾನರ್ ಎರಡೂ ಮಾತು ಕೇಳಿದರೆ ಮಾತ್ರ ಮುಂದುವರಿಯಿರಿ. ಕೀಲಿಮಣೆಯಲ್ಲಿ ಕಗಪ ವಿನ್ಯಾಸ ಅದರಲ್ಲೇ ಇದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಜಾಸ್ತಿ ಏನಿಲ್ಲ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣ ಇದೆ. ಹೋದ ವರ್ಷ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಕಂಪ್ಯೂಟರ್ ಕೋಣೆಯ ಎಲ್ಲ ಪರದೆಗಳ ಬಲಮೂಲೆಯಲ್ಲೂ 'ವಿಂಡೋಸ್ ಆಕ್ಟಿವೇಟ್ ಮಾಡಿ' ಎಂಬ ಮಸುಕು ಅಕ್ಷರ. ಒಬ್ಬಳು ಪೇಂಟಿನಲ್ಲಿ ಗುಡ್ಡ, ಹೊಳೆ, ಮನೆ ಬರೆದಿದ್ದಳು. ಹೊಳೆಯ ಮೇಲೆ ಆ ಸಾಲು. ಇದು ಯಾಕೆ ಹೋಗುವುದಿಲ್ಲ ಎಂದು ಕೇಳಿದಳು. ಪರವಾನಗಿಗೆ ಅನುದಾನ ಬಂದಿಲ್ಲ ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ಗಡಿಯಾಚೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಉಬುಂಟು ಆಧರಿಸಿ ಅಲ್ಲಿಯ ಕೈಟ್ ಸಂಸ್ಥೆಯೇ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿ ಕಲಿಯುತ್ತಾರೆ, ಐಟಿ ಪರೀಕ್ಷೆಯನ್ನೂ ಅದರಲ್ಲೇ ಬರೆಯುತ್ತಾರೆ. ಮಂಗಳೂರಿನಿಂದ ಒಂದು ಗಂಟೆ ಬಸ್ಸಿನಲ್ಲಿ ಹೋದರೆ ಕಣ್ಣಾರೆ ನೋಡಬಹುದು. ಇಲ್ಲಿ ಟೆಂಡರ್ ಬರೆಯುವವರು ಮಾತ್ರ ವಿಂಡೋಸ್ ಎಂದು ಹೆಸರು ಹಿಡಿದೇ ಬರೆಯುತ್ತಾರೆ, ಮಕ್ಕಳಿಗೆ ಬೇರೆಯದು ಗೊತ್ತಿಲ್ಲ ಎಂದು ಕಾರಣ ಕೊಡುತ್ತಾರೆ. ಕಲಿಸದೆ ಗೊತ್ತಾಗುವುದು ಹೇಗೆ?

ನಿಮ್ಮಿಂದ ಒಂದು ಉಪಕಾರ ಆಗಬೇಕು. ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ, ಅದೇ ಮಾಡೆಲ್ ವಿಂಡೋಸ್ ಇಲ್ಲದೆ ಡಾಸ್ ಅಥವಾ ಉಬುಂಟು ಹಾಕಿದ್ದು ಸಿಗುತ್ತದಾ, ರೇಟು ಎಷ್ಟು ಎಂದು ಕೇಳಿ. ಕೆಲವು ಕಂಪನಿಗಳು ಹಾಗೂ ಮಾರುತ್ತವೆ, ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ವಿಂಡೋಸ್‌ದೇ ತಗೊಂಡರೂ ಅದರ ಬೆಲೆಯನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರೆದುಕೊಡಲು ಹೇಳಿ. ಬಹುಶಃ ಆಗುವುದಿಲ್ಲ ಎನ್ನುತ್ತಾರೆ. ಏನೆಂದರು ಎಂಬುದನ್ನು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ