ಹಳೇ ಪೇಪರಿನ ಪ್ರತಿನ ಉಳದಿಲ್ಲ ಅಂದ್ರ ಅದರ ಇತಿಹಾಸ ಹೆಂಗ ಬರೀತಾರ್ರಿ?

ಭಾಳ ಸಲ ಪೇಪರ್‌ಕಿಂತ ಅದರ ಮ್ಯಾಲೆ ಕಣ್ಣಿಟ್ಟಿದ್ದ ಸರ್ಕಾರದ ಕಾಗದಾನ ಜಾಸ್ತಿ ಉಪಯೋಗಕ್ಕ ಬರ್ತಾವ ನೋಡ್ರಿ. ಬ್ರಿಟಿಷರ ಕಾಲದಾಗ ನಮ್ಮ ಧಾರವಾಡ ಜಿಲ್ಲಾ, ಗದಗ ಹಾವೇರಿ ಎಲ್ಲಾ ಸೇರಿ, ಮುಂಬೈ ಪ್ರಾಂತ್ಯದಾಗಿತ್ತು, ಅಲ್ಲಿ ಸರ್ಕಾರದವರು ದೇಶಿ ಪತ್ರಿಕೆಗಳು ಏನೇನ್ ಬರದಾವು ಅಂತ ವಾರಾ ವಾರಾ ಇಂಗ್ಲಿಷ್‌ನಾಗ ಸಾರಾಂಶ ಮಾಡಿಸಿ ಗುಪ್ತ ರಿಪೋರ್ಟ್ ಇಡ್ತಿದ್ರು, ಅದರಾಗ ಪತ್ರಿಕೆ ಹೆಸರು, ಊರು, ಎಡಿಟರ್ ವಯಸ್ಸು, ಜಾತಿ, ಎಷ್ಟು ಪ್ರತಿ ಖರ್ಚಾಗ್ತಾವ ಅನ್ನೋದೂ ಇರ್ತಿತ್ತು. ಜಾತಿ ಯಾಕ ಬೇಕಾಗಿತ್ತೋ ಅವರಿಗೆ! ಆದ್ರ ಇದನ್ನ ಕಣ್ಣುಮುಚ್ಚಿ ನಂಬಬ್ಯಾಡ್ರಿ, ಸರ್ಕಾರಕ್ಕ ಬೇಕಿದ್ದದ್ದು ರಾಜಕೀಯದ ಮಾತು, ಜಾಹೀರಾತು, ಪ್ಯಾಟಿ ಧಾರಣಿ ಅಂಥಾವೆಲ್ಲಾ ಅದರಾಗ ಹುಡುಕಿದ್ರ ಸಿಗೂದು ಕಷ್ಟ.

1867ರ ಪ್ರೆಸ್ ಕಾಯ್ದೆ ಪ್ರಕಾರ ಪ್ರಿಂಟರ್, ಪಬ್ಲಿಷರ್ ಮ್ಯಾಜಿಸ್ಟ್ರೇಟ್ ಮುಂದ ಡಿಕ್ಲರೇಷನ್ ಅಂದ್ರ ಘೋಷಣಾ ಪತ್ರ ಕೊಡಬೇಕಿತ್ತು, ಆ ಕಾಗದ ಹುಡುಕೂದೂ ಒಂದು ದಾರಿ. ಧಾರವಾಡದಾಗ ಇದ್ರ 1890ರಾಗ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕ ಮೊದಲ ಹೋಗಿ ಕೇಳ್ರಿ, ವಾಗ್ಭೂಷಣ ಪತ್ರಿಕೆ ತಂದವ್ರು ಅವರ. 1921ರಾಗ ಇಲ್ಲೇ ಶುರುವಾದ ಕರ್ಮವೀರದಂಥಾ ಪತ್ರಿಕೆ ಯಾವುದರ ಒಂದು ಹರಕ ಪ್ರತಿ ಸಿಕ್ಕರೂ ಲೇಖನ ಆಮ್ಯಾಲೆ ಓದ್ರಿ, ಮೊದಲು ಯಾವ ಪ್ರೆಸ್‌ನಾಗ ಅಚ್ಚಾತು, ವರ್ಷದ ಚಂದಾ ಎಷ್ಟಿತ್ತು ಅನ್ನೋ ಸಣ್ಣ ಅಕ್ಷರದ ಸಾಲು ಹುಡುಕಿ ಬರಕೊಳ್ರಿ.