ಉದ್ದದಿಂದಲ್ಲ, ತೂಕದಿಂದ ಶುರು ಮಾಡಿ

ಮೈಸೂರಿನ ನಿಮ್ಮ ಕಾಲೇಜು ಪ್ರಾಜೆಕ್ಟಿಗೆ 50,000 ಟನ್ ಹೊರುವ ಹಡಗು ಬೇಕು, ಉದ್ದ ಎಷ್ಟು ಅಂತ ಊಹಿಸಲಿ ಎಂದು ಕೇಳಿದ್ದೀರಿ. ಉದ್ದ ಊಹಿಸಬೇಡಿ, ಮೊದಲು ತೂಕ ಹಿಡಿಯಿರಿ. ಮಂಡ್ಯದಲ್ಲಿ ಕಬ್ಬಿನ ಲಾರಿ ತೂಗಿದರೆ ಲಾರಿಯ ತೂಕವೂ ಸೇರಿ ಬರುತ್ತದೆ ಅಲ್ವಾ? ಇಲ್ಲೂ ಹಾಗೇ. ಈ ಗಾತ್ರದ, ಧಾನ್ಯ, ಕಲ್ಲಿದ್ದಲಿನಂಥ ಸರಕನ್ನು ಹಾಗೇ ಸುರಿದು ಒಯ್ಯುವ ಬಲ್ಕ್ ಕ್ಯಾರಿಯರ್‌ನಲ್ಲಿ ಸರಕು, ಇಂಧನ, ನೀರು ಸೇರಿದ ಹೊರೆ ಒಟ್ಟು ತೂಕದ ಸುಮಾರು ಶೇ. 80 ದಾಟುತ್ತದೆ. ಅಂದರೆ ಒಟ್ಟು 61,000 ಟನ್ ಆಸುಪಾಸು.

ಅಷ್ಟೇ ತೂಕದ ನೀರನ್ನು ಹಡಗು ಪಕ್ಕಕ್ಕೆ ತಳ್ಳಬೇಕು. ಲೆಕ್ಕ ಇಷ್ಟೇ: ಉದ್ದ × ಅಗಲ × ಮುಳುಗುವ ಆಳ × ಬ್ಲಾಕ್ ಕೋಎಫಿಶಿಯೆಂಟ್ × 1.025. ಕೊನೆಯದು ಸಮುದ್ರದ ನೀರಿನ ಸಾಂದ್ರತೆ. ಬ್ಲಾಕ್ ಕೋಎಫಿಶಿಯೆಂಟ್ ಅಂದರೆ ಆ ಅಳತೆಯ ಪೆಟ್ಟಿಗೆಯಲ್ಲಿ ಹಡಗಿನ ಮುಳುಗಿದ ಮೈ ತುಂಬುವ ಪಾಲು. ನಿಧಾನವಾಗಿ ಹೋಗುವ ಹಡಗಿಗೆ 0.82 ಇಟ್ಟುಕೊಳ್ಳಿ. 190, 32.2, 12 ಮೀಟರ್ ಹಾಕಿ ನೋಡಿ, 61,700 ಬರುತ್ತದೆ. 32.2 ಸುಮ್ನೆ ಹಾಕಿದ್ದಲ್ಲ. ಪನಾಮಾ ಕಾಲುವೆಯಲ್ಲಿ ಹಡಗನ್ನು ಏರಿಸಿ ಇಳಿಸುವ ಹಳೆಯ ಲಾಕ್‌ಗಳ ಅಗಲದ ಮಿತಿ ಹೆಚ್ಚುಕಮ್ಮಿ ಅಷ್ಟೇ.

ಇದೇ ಹಡಗು ಕೆಆರ್‌ಎಸ್‌ನ ಸಿಹಿನೀರಿನಲ್ಲಿ ನಿಂತರೆ (ನಿಲ್ಲುವುದಿಲ್ಲ ಬಿಡಿ!) ಹತ್ತಿರ ಹತ್ತಿರ ಒಂದು ಅಡಿ ಜಾಸ್ತಿ ಮುಳುಗುತ್ತದೆ.

ಆಮೇಲೆ ಉಕ್ಕು, ಎಂಜಿನ್ ತೂಕ ಬೇರೆಯಾಗಿ ಅಂದಾಜಿಸಿ. 61,000ದಲ್ಲಿ 50,000 ಕಳೆದು ಉಳಿದ 11,000 ಟನ್ ಮೀರಿದರೆ ಮತ್ತೆ ಮೊದಲಿನಿಂದ. ಎರಡು ಮೂರು ಸುತ್ತು ಆಗೇ ಆಗುತ್ತದೆ, ಗಾಬರಿಯಾಗಬೇಡಿ.