ಶಿಬಿರಕ್ಕಿಂತ ಮೊದಲು ಆಗಬೇಕಾದ ಕೆಲಸ

ಪ್ರಶ್ನೆ: ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕರ್ತರ ತಂಡವೊಂದರ ಹೊಣೆ ನನ್ನದು. ಉತ್ಸಾಹದಿಂದ ಸೇರಿದವರು ಬಲುಬೇಗ ಬಳಲಿಹೋಗುತ್ತಾರೆ. ಕೆಲವರು ಕೆಲಸವನ್ನೇ ಬಿಡುತ್ತಾರೆ. ಒತ್ತಡ ನಿಭಾಯಿಸುವ ತರಬೇತಿ ಶಿಬಿರ ನಡೆಸಿದರೆ ಸಾಕೇ?

ಉತ್ತರ: ಶಿಬಿರ ನಡೆಸಿ, ಆದರೆ ಅದೊಂದರಿಂದಲೇ ತಂಡ ಚೇತರಿಸಿಕೊಳ್ಳುತ್ತದೆಂದು ನಂಬಬೇಡಿ. ‘ಬರ್ನ್‌ಔಟ್’ ಎಂಬ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಕಾಯಿಲೆಯೆಂದು ಪರಿಗಣಿಸಿಲ್ಲ. ಸರಿಯಾಗಿ ನಿಭಾಯಿಸದೆ ಉಳಿದ, ದೀರ್ಘಕಾಲದ ಕೆಲಸದ ಒತ್ತಡದ ಫಲವೆಂದು ಅದನ್ನು ವಿವರಿಸಿದೆ. ಈ ವಿಷಯವನ್ನು ಆಳವಾಗಿ ಅಧ್ಯಯನ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅವರು ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಮನ್ನಣೆ, ಸಹೋದ್ಯೋಗಿಗಳ ಒಡನಾಟ, ನ್ಯಾಯ ಮತ್ತು ಮೌಲ್ಯಗಳ ಹೊಂದಾಣಿಕೆ ಎಂಬ ಆರು ನೆಲೆಗಳಲ್ಲಿ ಇದರ ಕಾರಣಗಳನ್ನು ಹುಡುಕಲು ಹೇಳಿದ್ದಾರೆ. ಇವುಗಳಲ್ಲಿ ಬಹುಪಾಲು ಕಾರ್ಯಕರ್ತರ ಕೈಯಲ್ಲಿಲ್ಲ, ನಿಮ್ಮಂಥವರ ಕೈಯಲ್ಲಿವೆ.

ನನ್ನನ್ನು ಕೇಳಿದರೆ, ಮೊದಲು ಕೈಹಾಕಬೇಕಾದುದು ಮೇಲ್ವಿಚಾರಣೆಯ ರೀತಿಗೆ. ದಾಖಲೆಗಳನ್ನು ತಪಾಸಣೆ ಮಾಡುವುದು ಬೇರೆ, ಕಾರ್ಯಕರ್ತರ ಜೊತೆ ಕುಳಿತು ಅವರ ಕೆಲಸದ ಬಗ್ಗೆ ಮಾತನಾಡುವುದು ಬೇರೆ. ಎರಡನ್ನೂ ಒಂದೇ ಭೇಟಿಯಲ್ಲಿ ಬೆರೆಸಿದರೆ, ತಪ್ಪು ಸಿಕ್ಕೀತೆಂಬ ಅಳುಕಿನಲ್ಲಿ ಯಾರೂ ತಮ್ಮ ಕಷ್ಟವನ್ನು ಬಿಚ್ಚಿ ಹೇಳುವುದಿಲ್ಲ. ಮನೆಭೇಟಿಯಲ್ಲಿ ಒಬ್ಬರು ಸಾಯುವ ಮಾತನ್ನಾಡಿದಾಗ ತಾನು ಹೇಳಿದ್ದು ಸರಿಯೇ, ಮಾತ್ರೆ ಬೇಡವೆನ್ನುವವರನ್ನು ಎಷ್ಟರಮಟ್ಟಿಗೆ ಒತ್ತಾಯಿಸಬಹುದು, ಮನೆಯವರೇ ಬಾಗಿಲು ತೆರೆಯದಿದ್ದರೆ ಮುಂದೇನು ಎಂಬ ಪ್ರಶ್ನೆಗಳನ್ನು ಕೇಳಲು, ಯಾವ ಸಭೆಗಾಗಿಯೂ ಮುಂದೂಡದ ನಿಗದಿತ ಸಮಯವೊಂದು ಅವರಿಗೆ ಬೇಕು. ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು, ತಮ್ಮ ಹೊಣೆ ಎಲ್ಲಿಗೆ ಮುಗಿದು ವೈದ್ಯರದು ಎಲ್ಲಿಂದ ಆರಂಭವಾಗುತ್ತದೆ ಎಂಬುದೂ ಅವರಿಗೆ ಮೊದಲೇ ತಿಳಿದಿರಬೇಕು.

ಇನ್ನೊಂದು ವಿಷಯವನ್ನು ಬಹಳಷ್ಟು ಸಂಸ್ಥೆಗಳು ಗಮನಿಸುವುದೇ ಇಲ್ಲ. ಗುಣವಾದವರು ಸೇವೆಯಿಂದ ದೂರವಾಗುತ್ತಾರೆ, ಕಾಯಿಲೆ ದೀರ್ಘವಾದವರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಾರೆ. ಇದರಿಂದ ಚಿಕಿತ್ಸಕರ ಕಣ್ಣಿಗೆ ಕಾಯಿಲೆಯು ಇರುವುದಕ್ಕಿಂತ ಕಠೋರವಾಗಿ ಕಾಣುತ್ತದೆಂದು ಸಂಶೋಧಕರಾದ ಪೆಟ್ರೀಷಿಯಾ ಕೋಹೆನ್ ಮತ್ತು ಜೇಕಬ್ ಕೋಹೆನ್ 1984ರಲ್ಲೇ ತೋರಿಸಿದ್ದರು. ಆದ್ದರಿಂದ ಮತ್ತೆ ಕೆಲಸಕ್ಕೆ ಹೋಗತೊಡಗಿದವರ, ಮನೆಯಿಂದ ಹೊರಗೆ ಬಂದು ಜನರೊಡನೆ ಬೆರೆತವರ ಸುದ್ದಿಯನ್ನು, ಅವರ ಒಪ್ಪಿಗೆ ಪಡೆದು, ಕಾರ್ಯಕರ್ತರಿಗೆ ತಲುಪಿಸಿ. ತಮ್ಮ ಶ್ರಮ ಫಲಿಸಿದೆಯೆಂದು ತಿಳಿಯುವ ಹಕ್ಕು ಅವರಿಗಿದೆ.

ಸಂಬಳ ಸಕಾಲಕ್ಕೆ ಸಿಗಬೇಕು, ಓಡಾಟದ ಖರ್ಚನ್ನು ಸಂಸ್ಥೆಯೇ ಭರಿಸಬೇಕು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಪ್ರಶ್ನೆ: ನಾನು ಇಂಥದೇ ಕೆಲಸದಲ್ಲಿರುವ ಕಾರ್ಯಕರ್ತೆ. ಕೇಳಿದ ನೋವಿನ ಕಥೆಗಳು ರಾತ್ರಿಯೂ ಕಾಡುತ್ತವೆ. ನಾನು ಈ ಕೆಲಸಕ್ಕೆ ತಕ್ಕವಳಲ್ಲವೇ?

ಉತ್ತರ: ತಕ್ಕವರಲ್ಲವೆಂದು ದಯವಿಟ್ಟು ತೀರ್ಮಾನಿಸಬೇಡಿ. ಇತರರ ಆಘಾತವನ್ನು ಆಲಿಸುವವರಲ್ಲಿ ಇಂಥ ಪ್ರತಿಕ್ರಿಯೆ ಕಾಣಿಸಿಕೊಳ್ಳುವುದು ಈ ಕ್ಷೇತ್ರದಲ್ಲಿ ಚೆನ್ನಾಗಿ ತಿಳಿದಿರುವ ಸಂಗತಿ. ಮೇಲ್ವಿಚಾರಕರಿಗೆ ತಿಳಿಸಿ, ಇಂಥ ಭೇಟಿಗಳು ಒಂದೇ ದಿನ ಒಟ್ಟೊಟ್ಟಿಗೆ ಬಾರದಂತೆ ಹಂಚಿಕೊಡಲು ಕೇಳಿ. ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ, ನೀವು ಬೇರೆಯವರಿಗೆ ಹೇಳುವಂತೆಯೇ, ತಡಮಾಡದೆ ವೈದ್ಯರನ್ನು ಕಾಣಿರಿ.